ಬಿಗಿಯೂ ಎಡೆಯೂ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅವುಗಳ ಆಯಸ್ಸು ಬೆಳೆಸಿದವರು ಹಳೆಯ ಮೆಕ್ಯಾನಿಕ್‌ಗಳು; ಜೊತೆಗೆ, ಭಾನುವಾರ ಮನೆಯಂಗಳದಲ್ಲಿ ಗೋಣಿಚೀಲ ಹಾಸಿ, ಎಂಜಿನ್ ಬಿಚ್ಚಿ ಕೂರುವ ಸಾಮಾನ್ಯ ಜನ. ಅದು ಟೂ ಸ್ಟ್ರೋಕ್ ಎಂಜಿನ್, ವಾಲ್ವುಗಳ ಗೋಜಿಲ್ಲ. ತಾಳ್ಮೆಯುಳ್ಳವರು ಮನೆಯಲ್ಲೇ ಕಲಿಯಬಹುದಾದ ವಿದ್ಯೆ.

ಬಿಚ್ಚಿದ್ದನ್ನು ಮತ್ತೆ ಜೋಡಿಸುವಾಗ ಹೊಸಬರಿಗೆ ಒಂದು ನಂಬಿಕೆ ಇರುತ್ತದೆ: ಎಲ್ಲವನ್ನೂ ಬಲವಾಗಿ ಬಿಗಿದರೆ ಬಂಡಿ ಗಟ್ಟಿಯಾಗುತ್ತದೆ ಎಂದು. ಎಂಜಿನ್ ಇದನ್ನು ಒಪ್ಪುವುದಿಲ್ಲ. ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸುವಾಗ ಎರಡರ ನಡುವೆ ಕೂದಲೆಳೆಯಷ್ಟು ಎಡೆ ಬಿಡಬೇಕು. ಸಿಲಿಂಡರಿನ ಒಳಗೆ ಕೂತ ಪಿಸ್ಟನ್ ರಿಂಗಿನ ಎರಡು ತುದಿಗಳು ಒಂದಕ್ಕೊಂದು ತಾಗಬಾರದು. ಕಿಡಿಯ ಹೊತ್ತನ್ನು ನಿರ್ಧರಿಸುವ ಕಾಂಟ್ಯಾಕ್ಟ್ ಪಾಯಿಂಟ್ ಪೂರ್ತಿ ತೆರೆದಾಗ ಸುಮಾರು 0.4 ಮಿಲಿಮೀಟರ್ ಅಂತರವಿದೆಯೇ ಎಂದು ಫೀಲರ್ ಗೇಜ್ ತೂರಿಸಿ ನೋಡಬೇಕು. ಚೈನು ತುಸು ಜೋಲಬೇಕು, ಕ್ಲಚ್ ಲಿವರ್ ತುಸು ಆಡಬೇಕು. ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುವುದೂ ಎರಡು ತುದಿಗಳ ನಡುವಣ ಬಯಲಿನಲ್ಲೇ.

ಎಂಜಿನ್ ತಣ್ಣಗಿರುವಾಗ ಪಿಸ್ಟನ್ನಿನ ಸುತ್ತಲ ಎಡೆ ದಂಡವೆಂದೇ ತೋರುತ್ತದೆ. ಅದರ ಬೆಲೆ ತಿಳಿಯುವುದು ಕಾವೇರಿದಾಗ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರ್ ಬೀಡುಕಬ್ಬಿಣದ್ದು. ಅಷ್ಟೇ ಕಾವಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹೆಚ್ಚು ಹಿಗ್ಗುತ್ತದೆ. ಆ ಹಿಗ್ಗಿಗೆ ಜಾಗ ಸಿಗದಿದ್ದರೆ ಪಿಸ್ಟನ್ ಸಿಲಿಂಡರನ್ನು ಕಚ್ಚಿಕೊಳ್ಳುತ್ತದೆ. ಓಡುತ್ತಿದ್ದ ಬಂಡಿಯ ಹಿಂದಿನ ಚಕ್ರ ಒಮ್ಮೆಲೇ ಬಿಗಿದು ನಿಲ್ಲುತ್ತದೆ. ‘ಎಂಜಿನ್ ಸೀಜ್ ಆಯ್ತು’ ಎನ್ನುತ್ತಾರೆ ಗ್ಯಾರೇಜಿನವರು. ಇಲ್ಲಿ ಪಿಸ್ಟನ್ನೂ ಕೆಟ್ಟದ್ದಲ್ಲ, ಸಿಲಿಂಡರೂ ಕೆಟ್ಟದ್ದಲ್ಲ. ಎರಡೂ ಒಂದೇ ಬಗೆಯಲ್ಲಿ ಬಿಸಿ ತಾಳುತ್ತವೆ ಎಂದು ಭಾವಿಸಿ ಒತ್ತಿ ಕೂರಿಸಿದ್ದೇ ತಪ್ಪು.

ನಮ್ಮ ಮನೆಗಳಲ್ಲಿ ಒಡೆಯುವ ಎಷ್ಟೋ ಸಂಬಂಧಗಳ ಕಥೆಯೂ ಇದೇ. ಅಲ್ಲಿ ಪ್ರೀತಿಗೆ ಕೊರತೆ ಇರುವುದಿಲ್ಲ. ಪ್ರೀತಿಯ ಹೆಸರಿನಲ್ಲಿ ಎಡೆಯನ್ನೇ ಮುಚ್ಚಿರುತ್ತೇವೆ. ಮಗನ ಓದು, ಸೊಸೆಯ ನೌಕರಿ, ಅಪ್ಪನ ಹಟ, ಗೆಳೆಯನ ಮೌನ ಎಲ್ಲವೂ ನಮ್ಮ ಅಳತೆಗೇ ಕೂರಬೇಕು. ದಿನಗಳು ತಣ್ಣಗಿರುವಷ್ಟು ಕಾಲ ಇದು ಅನ್ಯೋನ್ಯತೆಯಂತೆ ಕಾಣುತ್ತದೆ. ಸಾಲ, ಕಾಯಿಲೆ, ಆಸ್ತಿಯ ಪಾಲು ಎಂದು ಬಿಸಿ ಏರಿದಾಗ ಒಬ್ಬೊಬ್ಬರು ಒಂದೊಂದು ಪ್ರಮಾಣದಲ್ಲಿ ಕಾಯುತ್ತಾರೆ. ಆಗ ಸರಿದುಕೊಳ್ಳಲು ಜಾಗವಿಲ್ಲದೆ ಒಬ್ಬರನ್ನೊಬ್ಬರು ಗೀರುತ್ತಾರೆ.

ಹಾಗೆಂದು ಎಲ್ಲವನ್ನೂ ಸಡಿಲ ಬಿಡುವುದು ಉದಾರತೆಯಲ್ಲ. ಪಿಸ್ಟನ್ ಎಡೆ ಹೆಚ್ಚಾದರೆ ಎಂಜಿನ್ ಬಡಿದುಕೊಳ್ಳುತ್ತದೆ, ಶಕ್ತಿ ಸೋರುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಎಂಜಿನ್ನಿನ ತಳದ ಕ್ರ್ಯಾಂಕ್‌ಕೇಸಿಗೇ ಬರುವುದರಿಂದ ಅದರ ಜೋಡಣೆಯಲ್ಲಿ ಎಳೆಯಷ್ಟೂ ಸಂದಿರಬಾರದು. ಹೊರಗಿನ ಗಾಳಿ ನುಸುಳಿದರೆ ಮಿಶ್ರಣ ತೆಳುವಾಗಿ ಎಂಜಿನ್ ಮಿತಿಮೀರಿ ಕಾಯುತ್ತದೆ. ಬಾಳಿನಲ್ಲೂ ಅಂಥ ಜಾಗಗಳಿವೆ. ಕೊಟ್ಟ ಮಾತು, ನಂಬಿ ಹೇಳಿಕೊಂಡ ಗುಟ್ಟು, ಕಷ್ಟಕ್ಕೆ ಒದಗುವ ಹೊಣೆ: ಇಲ್ಲಿ ಸಡಿಲ ಸಲ್ಲದು. ಅಭಿರುಚಿ, ನಡೆಯುವ ವೇಗ, ಒಂಟಿಯಾಗಿರುವ ಹೊತ್ತು: ಇಲ್ಲಿ ಬಿಗಿ ಸಲ್ಲದು. ನಾವು ಬಹುಪಾಲು ಇದನ್ನು ಅದಲುಬದಲು ಮಾಡುತ್ತೇವೆ. ಮಾತಿಗೆ ತಪ್ಪಿದವರನ್ನು ‘ಹೋಗಲಿ’ ಎನ್ನುತ್ತೇವೆ, ಬೇರೆ ಥರ ಬದುಕಲು ಹೊರಟವರನ್ನು ಹಿಡಿದು ಬಿಗಿಯುತ್ತೇವೆ.

ಪಿಸ್ಟನ್ನಿನ ಎಡೆಯನ್ನು ಅಳೆಯುವುದು ಎಂಜಿನ್ ತಣ್ಣಗಿರುವಾಗ, ಜೋಡಿಸುವ ಮುನ್ನವೇ. ಕಚ್ಚಿಕೊಂಡ ಮೇಲೆ ಅಳತೆಗೋಲಿಗೆ ಕೆಲಸವಿಲ್ಲ. ಜಗಳದ ನಡುವೆ ಔದಾರ್ಯ ಕಲಿಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಮನೆಮಂದಿಯೆಲ್ಲ ನಗುನಗುತ್ತಾ ಊಟಕ್ಕೆ ಕೂತ ದಿನವೇ ನಮ್ಮನ್ನು ನಾವು ಕೇಳಿಕೊಳ್ಳಬೇಕು: ಇವರಲ್ಲಿ ಒಬ್ಬೊಬ್ಬರಿಗೂ ಹಿಗ್ಗಲು ಜಾಗ ಬಿಟ್ಟಿದ್ದೇನೆಯೇ? ಉತ್ತರ ‘ಇಲ್ಲ’ ಎಂದಾದರೆ, ಸರಿಪಡಿಸುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೇರೆ ಸಿಗಲಾರದು.