ಸಾವಿನ ಮನೆಯ ಮುಂದೆ ಫಲಕ ಹಿಡಿದವರು

‘ಉರಿಯುವ ಮನೆಯಲ್ಲಿ ಗಳ ಹಿರಿದಂತೆ’ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಬೈಗುಳವಾಗಿಯೇ ಬಳಸುತ್ತೇವೆ. ನೆರೆ ಬಂದಾಗ ಅಕ್ಕಿಯ ಬೆಲೆ ಏರಿಸುವ ವರ್ತಕನ ಮೇಲೆ, ಅಪ್ಪನ ಚಟ್ಟ ಏಳುವ ಮೊದಲೇ ಪಾಲು ಕೇಳುವ ಮಗನ ಮೇಲೆ ಈ ಮಾತು ಬೀಳುತ್ತದೆ. ಹುಲ್ಲು ಹೊದಿಸಿದ ಮನೆಗೆ ಬೆಂಕಿ ಬಿದ್ದಿದೆ. ಮನೆಯವರು ಮಕ್ಕಳನ್ನೂ ದನಕರುಗಳನ್ನೂ ಹೊರಗೆಳೆಯುವ ಗಾಬರಿಯಲ್ಲಿದ್ದಾರೆ. ಅದೇ ಹೊತ್ತಿಗೆ ಒಬ್ಬ ಬಂದು ಮಾಡಿನ ಬಿದಿರಿನ ಗಳವನ್ನು ತನಗೆಂದು ಎಳೆದುಕೊಳ್ಳುತ್ತಿದ್ದಾನೆ. ಆ ಗಳಕ್ಕೆ ಬೆಲೆ ಎಷ್ಟು, ಅದು ಸೆಟೆದದ್ದೋ ಸೊಟ್ಟದ್ದೋ ಎಂದು ಗಾದೆ ಕೇಳುವುದಿಲ್ಲ. ಬೇರೆ ದಿನ ಬಂದಿದ್ದರೆ ಮನೆಯವರು ಅವನಿಗೆ ಗಳ ಕೊಡುತ್ತಿದ್ದರೋ, ಜಗಳವಾಡಿ ಅಟ್ಟುತ್ತಿದ್ದರೋ, ಅದೂ ಅದರ ಚಿಂತೆಯಲ್ಲ. ಅದರ ಸಿಟ್ಟೆಲ್ಲ ಅವನು ಆರಿಸಿಕೊಂಡ ಹೊತ್ತಿನ ಮೇಲೆ ಮತ್ತು ಜಾಗದ ಮೇಲೆ. ಅಂತ್ಯಕ್ರಿಯೆಗಳ ಎದುರು ಫಲಕ ಹಿಡಿದು ನಿಲ್ಲುವವರ ಬಗ್ಗೆ ಅಮೆರಿಕದಲ್ಲಿ ವರ್ಷಗಟ್ಟಲೆ ನಡೆದ ವಾದವನ್ನು ಓದುವಾಗ, ಅಲ್ಲಿನ ನ್ಯಾಯಾಲಯಗಳು ಹುಡುಕುತ್ತಿದ್ದ ಗೆರೆಯನ್ನು ಈ ಗಾದೆ ಆಗಲೇ ಎಳೆದಿಟ್ಟಿದೆ ಎಂದು ನನಗೆ ಅನ್ನಿಸುತ್ತದೆ.

2006ರ ಮಾರ್ಚ್ 10ರಂದು ಮೇರಿಲ್ಯಾಂಡ್ ರಾಜ್ಯದ ವೆಸ್ಟ್‌ಮಿನ್‌ಸ್ಟರ್ ಎಂಬಲ್ಲಿ, ಇರಾಕಿನಲ್ಲಿ ಜೀವ ಕಳೆದುಕೊಂಡ ಮರೀನ್ ಪಡೆಯ ಯುವಕನೊಬ್ಬನ ಅಂತ್ಯಕ್ರಿಯೆಯಿತ್ತು. ಕ್ಯಾನ್ಸಸ್ ರಾಜ್ಯದ ಟೊಪೀಕಾದಿಂದ ಏಳು ಜನ ಅಲ್ಲಿಗೆ ಬಂದರು: ವೆಸ್ಟ್‌ಬರೊ ಬ್ಯಾಪ್ಟಿಸ್ಟ್ ಚರ್ಚಿನ ಸ್ಥಾಪಕ ಫ್ರೆಡ್ ಫೆಲ್ಪ್ಸ್, ಅವರ ಇಬ್ಬರು ಹೆಣ್ಣುಮಕ್ಕಳು ಮತ್ತು ನಾಲ್ವರು ಮೊಮ್ಮಕ್ಕಳು. ಬಹುಪಾಲು ಒಂದೇ ಕುಟುಂಬದವರು ಸೇರಿ ಕಟ್ಟಿಕೊಂಡ ಈ ಪುಟ್ಟ ಚರ್ಚಿನ ನಂಬಿಕೆಯಂತೆ, ಅಮೆರಿಕ ಸಲಿಂಗಪ್ರೇಮವನ್ನು ಸಹಿಸಿಕೊಂಡಿರುವುದರಿಂದ ದೇವರು ಅದರ ಸೈನಿಕರನ್ನು ಸಾಯಿಸಿ ಶಿಕ್ಷಿಸುತ್ತಿದ್ದಾನೆ. ಸತ್ತ ಸೈನಿಕರಿಗಾಗಿ ದೇವರಿಗೆ ಕೃತಜ್ಞತೆ ಎಂದು ಒಂದು ಫಲಕ, ನೀನು ನರಕಕ್ಕೆ ಹೋಗುತ್ತೀ ಎಂದು ಇನ್ನೊಂದು. ತೀರಿಕೊಂಡ ಹುಡುಗನ ಪರಿಚಯವೇ ಅವರಿಗಿರಲಿಲ್ಲ. ಅವನ ತಂದೆ ಮೊಕದ್ದಮೆ ಹೂಡಿದಾಗ ಜ್ಯೂರಿ ಒಟ್ಟು 1.09 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಜಿಲ್ಲಾ ನ್ಯಾಯಾಧೀಶರು ಅದನ್ನು 50 ಲಕ್ಷಕ್ಕೆ ಇಳಿಸಿದರು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ಎದುರಾಳಿಗಳ ಮೇಲ್ಮನವಿಯ ಖರ್ಚೆಂದು 16,000 ಡಾಲರಿಗೂ ಹೆಚ್ಚು ಹಣವನ್ನು ಮಗನನ್ನು ಕಳೆದುಕೊಂಡ ಆ ತಂದೆಯೇ ಕಟ್ಟಬೇಕೆಂದು ಆದೇಶವಾಯಿತು. 2011ರ ಮಾರ್ಚ್ 2ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಚರ್ಚಿನ ಪರವಾಗಿಯೇ ನಿಂತರು. ಭಿನ್ನಮತ ಬರೆದವರು ಸ್ಯಾಮ್ಯುಯೆಲ್ ಅಲಿಟೊ ಒಬ್ಬರೇ.

ಇದನ್ನು ಕೇಳಿದ ಯಾರಿಗಾದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೂ ಆ ತೀರ್ಪು ಸರಿ ಎಂದೇ ನನ್ನ ಎಣಿಕೆ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ತರ್ಕ ಹೀಗಿತ್ತು. ಫಲಕಗಳ ಮೇಲಿದ್ದ ಮಾತು ಎಷ್ಟೇ ಹೀನವಾಗಿದ್ದರೂ ದೇಶದ ನಡತೆ, ಸೈನ್ಯದ ನೀತಿ ಮುಂತಾದ ಸಾರ್ವಜನಿಕ ವಿಷಯಗಳನ್ನು ಕುರಿತದ್ದು. ಅವರು ನಿಂತದ್ದು ಸಾರ್ವಜನಿಕ ಜಾಗದಲ್ಲಿ, ಅಂತ್ಯಕ್ರಿಯೆ ನಡೆದ ಚರ್ಚಿನಿಂದ ಸುಮಾರು 1,000 ಅಡಿ ದೂರದಲ್ಲಿ, ಪೊಲೀಸರು ತೋರಿಸಿದ ಕಡೆಯಲ್ಲೇ. ಅಂತ್ಯಕ್ರಿಯೆಗೆ ಮೊದಲು ಅರ್ಧ ಗಂಟೆ ಇದ್ದು ಹೊರಟುಹೋದರು, ಗಲಾಟೆಯಿಲ್ಲ, ಹೊಡೆದಾಟವಿಲ್ಲ. ಹಾಗಾದರೆ ಜ್ಯೂರಿ ದಂಡ ವಿಧಿಸಿದ್ದು ಯಾತಕ್ಕೆ? ಅದೇ ಜಾಗದಲ್ಲಿ ಅದೇ ಹೊತ್ತಿಗೆ ಯೋಧನಿಗೆ ನಮನ ಎಂಬ ಫಲಕ ಹಿಡಿದವರಿಗೆ ಯಾರೂ ದಂಡ ಹಾಕುತ್ತಿರಲಿಲ್ಲ. ಅಂದರೆ ದಂಡ ಬಿದ್ದದ್ದು ಮಾತಿನ ತಿರುಳಿಗೆ. ಒಂದು ಮಾತು ಸಹಿಸಲಾಗದಷ್ಟು ನೀಚವಾಗಿದೆ ಎಂದು ಜ್ಯೂರಿಯಲ್ಲಿ ಕೂತವರಿಗೆ ಅನ್ನಿಸಿದರೆ ಆಡಿದವನನ್ನು ದಿವಾಳಿ ಮಾಡಬಹುದು ಎಂದಾದರೆ, ನಾಳೆ ಆ ಅಸ್ತ್ರ ಯಾರ ಮೇಲೆ ಬೀಳುತ್ತದೆಂದು ಹೇಳಲಾಗದು. ಬಹುಜನಕ್ಕೆ ಅಸಹ್ಯವೆನಿಸಿದ ಮಾತುಗಳಲ್ಲಿ ಕೆಲವು ಮುಂದೆ ನ್ಯಾಯದ ಮಾತುಗಳಾಗಿ ಉಳಿದಿವೆ. ಗಳದ ಗುಣ ನೋಡಿ ಕಳ್ಳನನ್ನು ತೀರ್ಮಾನಿಸಬಾರದು.

ಆದರೆ ಇಷ್ಟಕ್ಕೆ ಮಾತು ಮುಗಿಯುವುದಿಲ್ಲ, ಏಕೆಂದರೆ ಉರಿಯುವ ಮನೆಯೊಳಗೆ ಜನ ಇದ್ದಾರೆ. ಬೀದಿಯಲ್ಲಿ ಕಂಡ ಮಾತು ಹಿಡಿಸದಿದ್ದರೆ ಮುಖ ತಿರುಗಿಸಿ ಹೋಗು ಎಂದು ಕಾನೂನು ಸಾಮಾನ್ಯವಾಗಿ ಹೇಳುತ್ತದೆ, ಅದು ನ್ಯಾಯವೂ ಹೌದು. ಹೆಗಲ ಮೇಲೆ ಹೆಣ ಹೊತ್ತವನು ಎಲ್ಲಿಗೆ ಹೋಗಬೇಕು? ಮಣ್ಣು ಮಾಡುವುದನ್ನು ಇನ್ನೊಂದು ವಾರಕ್ಕೆ ಮುಂದೂಡಲೇ? ಬೇರೆ ದಾರಿ ಹಿಡಿಯಲೇ? ಆ ಒಂದೆರಡು ಗಂಟೆ ಅವನು ಅಲ್ಲೇ ಇರಬೇಕು, ಬೇರೆಲ್ಲೂ ಇರಲಾರ. ಮನೆಯ ಬಾಗಿಲಿಗೇ ಬಂದು ಒಬ್ಬನನ್ನೇ ಗುರಿ ಮಾಡಿ ಪ್ರತಿಭಟಿಸುವುದನ್ನು ಊರಿನ ಆಡಳಿತ ತಡೆಯಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲೇ, ವಿಸ್ಕಾನ್ಸಿನ್ ರಾಜ್ಯದ ಪ್ರಕರಣವೊಂದರಲ್ಲಿ ಒಪ್ಪಿತ್ತು. ಮನೆಯೊಳಗಿದ್ದವನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ ಎಂಬುದೇ ಅಲ್ಲಿನ ಕಾರಣ. 2004ರಲ್ಲಿ, ಸತ್ತವರೊಬ್ಬರ ಛಾಯಾಚಿತ್ರಗಳ ಪ್ರಕರಣದಲ್ಲಿ, ತಮ್ಮವರ ಸಾವಿನ ವಿಷಯದಲ್ಲಿ ಕುಟುಂಬಕ್ಕೆ ತನ್ನದೇ ಆದ ಖಾಸಗಿತನವಿದೆ ಎಂದು ಅದೇ ನ್ಯಾಯಾಲಯ ಒಮ್ಮತದಿಂದ ಹೇಳಿತು. ಈ ಎರಡನ್ನೂ ಸೇರಿಸಿ ಓದಿದರೆ, ಸ್ಮಶಾನ ಸಾರ್ವಜನಿಕ ಜಾಗವೇ ಆಗಿದ್ದರೂ ಆ ಹೊತ್ತಿನ ಮಟ್ಟಿಗೆ ಅದು ದುಃಖಿಸುವವರ ಮನೆ.

ಅಮೆರಿಕದ ಸಂಸತ್ತು 2006ರಲ್ಲಿ ಮಾಡಿದ ಕಾನೂನು ಇದೇ ಜಾಡಿನದು: ರಾಷ್ಟ್ರೀಯ ಸ್ಮಶಾನಗಳಲ್ಲಿ ಅಂತ್ಯಕ್ರಿಯೆಗೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ 300 ಅಡಿಯೊಳಗೆ ಪ್ರತಿಭಟನೆ ಸಲ್ಲದು. 2012ರಲ್ಲಿ ಆ ಗಂಟೆಯನ್ನು ಎರಡಕ್ಕೆ ಏರಿಸಿದರು. 2011ರ ತೀರ್ಪಿನ ಹೊತ್ತಿಗೆ 44 ರಾಜ್ಯಗಳಲ್ಲಿ ಇಂಥ ಕಾನೂನುಗಳಿದ್ದವು. ಒಹಾಯೊ ರಾಜ್ಯದ ಕಾನೂನು, ಮಿಸೌರಿಯ ಮ್ಯಾಂಚೆಸ್ಟರ್ ಪಟ್ಟಣದ ನಿಯಮ, ಎರಡೂ ಮೇಲ್ಮನವಿ ನ್ಯಾಯಾಲಯಗಳ ಪರೀಕ್ಷೆಯಲ್ಲಿ ನಿಂತವು. ಅವು ಮಾತನ್ನು ತೂಗುವುದಿಲ್ಲ. ಹೊಗಳುವ ಫಲಕಕ್ಕೂ ತೆಗಳುವ ಫಲಕಕ್ಕೂ ಒಂದೇ ಅಡಿ, ಒಂದೇ ಗಂಟೆ. ಉಳಿದ ಊರೆಲ್ಲ, ಉಳಿದ ದಿನವೆಲ್ಲ ಮಾತಾಡುವವನದು. ವೆಸ್ಟ್‌ಬರೊದವರು ಆ ದಿನ ಮೇರಿಲ್ಯಾಂಡಿನ ಶಾಸನಭವನದ ಎದುರೂ ನೌಕಾ ಅಕಾಡೆಮಿಯ ಎದುರೂ ಅವೇ ಮಾತುಗಳನ್ನು ಹಿಡಿದು ನಿಂತಿದ್ದರು; ಅಲ್ಲಿ ಅವರನ್ನು ತಡೆಯಬೇಕೆಂದು ಯಾರೂ ಕೇಳುತ್ತಿಲ್ಲ.

ದೂರ ನಿಲ್ಲಿಸಿದರೆ ಮಾತಿಗೆ ಬಲವೇ ಇರುವುದಿಲ್ಲ, ಕೇಳುವವರು ಇರುವಲ್ಲೇ ಮಾತಾಡಬೇಕಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಅಲಿಟೊ ಅವರ ಭಿನ್ನಮತ ಬಯಲಿಗಿಟ್ಟ ಒಂದು ಸಂಗತಿ ಈ ಆಕ್ಷೇಪಕ್ಕೆ ಉತ್ತರ ಹೇಳುತ್ತದೆ. 2006ರಲ್ಲಿ ಪೆನ್ಸಿಲ್ವೇನಿಯಾದ ಶಾಲೆಯೊಂದರಲ್ಲಿ ಗುಂಡೇಟಿಗೆ ಬಲಿಯಾದ ಆಮಿಶ್ ಬಾಲಕಿಯರ ಅಂತ್ಯಕ್ರಿಯೆಗೂ ಬರುವುದಾಗಿ ಈ ಚರ್ಚು ಘೋಷಿಸಿತ್ತು. ರೇಡಿಯೊದಲ್ಲಿ ಉಚಿತವಾಗಿ ಮಾತಾಡಲು ಸಮಯ ಸಿಕ್ಕ ಮೇಲೆ ಅದನ್ನು ಕೈಬಿಟ್ಟಿತು. ಅವರಿಗೆ ಬೇಕಾದ ಕೇಳುಗರು ಸಮಾಧಿಯ ಬಳಿ ಇರಲಿಲ್ಲ. ಮಕ್ಕಳ ಹೆಣದ ಮುಂದೆ ನಿಲ್ಲುತ್ತೇವೆಂಬ ಬೆದರಿಕೆ ರೇಡಿಯೊದ ಒಂದು ಗಂಟೆಗೆ ಸಮವಾಗಿ ಮಾರಾಟವಾಯಿತು. ಗಳ ಹಿರಿಯುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಗಾದೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮರೆತರೆ ವ್ಯಾಖ್ಯಾನ ಅರ್ಧವೇ. ಮಗ್ಗುಲಿನ ಮನೆಗಳಿಗೆ ಬೆಂಕಿ ಹಬ್ಬದಿರಲೆಂದು ಉರಿಯುವ ಮಾಡಿನ ಗಳ ಎಳೆದು ಕೆಡವುವವರೂ ಇರುತ್ತಾರೆ. ದೂರದಿಂದ ನೋಡಿದವರಿಗೆ ಇಬ್ಬರ ಕೆಲಸವೂ ಒಂದೇ. ನಾವು ದೇಶವನ್ನು ಎಚ್ಚರಿಸುತ್ತಿದ್ದೇವೆ ಎಂದು ಫೆಲ್ಪ್ಸ್ ಕುಟುಂಬವೂ ಹೇಳುತ್ತಿತ್ತು, ಬಹುಶಃ ನಂಬಿಯೂ ಇತ್ತು. ಎದೆಯೊಳಗಿನ ಉದ್ದೇಶವನ್ನು ಕಾನೂನು ಅಳೆಯಲಾರದು. ಅಡಿಯನ್ನೂ ಗಂಟೆಯನ್ನೂ ಅಳೆಯಬಲ್ಲದು. ಅಳತೆ ಇದ್ದರೂ ಅದು ಚಿಕ್ಕದಾಗಿರಬೇಕು: ಕೆಂಟಕಿ ರಾಜ್ಯದ ಕಾನೂನು ತೀರ ಅಗಲವಾಗಿ ಬಲೆ ಬೀಸಿತೆಂದು ಫೆಡರಲ್ ನ್ಯಾಯಾಲಯ 2006ರಲ್ಲೇ ತಡೆ ಹಾಕಿತು, ಅದೂ ಸರಿಯೇ. ಇನ್ನು ಅಂತ್ಯಕ್ರಿಯೆಯನ್ನೇ ರಾಜ್ಯದ ಉತ್ಸವವಾಗಿ ಬೀದಿಗೆ ತಂದಾಗ ಲೆಕ್ಕ ಬೇರೆ. 2013ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಶವಯಾತ್ರೆ ಲಂಡನ್ನಿನ ಬೀದಿಗಳಲ್ಲಿ ಸಾಗುವಾಗ ಕೆಲವರು ಬೆನ್ನು ತಿರುಗಿಸಿ ನಿಂತರು. ಸೇನಾಗೌರವದ ಮೆರವಣಿಗೆ ನಾಡಿನದು, ಅದಕ್ಕೆ ನಾಡಿನವರು ಉತ್ತರ ಕೊಡಬಹುದು. ಮನೆಯವರು ಮಾತ್ರ ಸೇರುವ ಚಿತಾಗಾರಕ್ಕೆ ಆ ಉತ್ತರ ಹಿಂಬಾಲಿಸಿ ಹೋಗುವಂತಿಲ್ಲ.

ದುಃಖಿಸುವವರೇ ಪ್ರತಿಭಟಿಸುವಾಗಲಂತೂ ಯಾವ ಅಳತೆಯೂ ಅಡ್ಡ ಬರಬಾರದು. ಸ್ಮಶಾನಕ್ಕೆ ಜಾಗವಿಲ್ಲವೆಂದು ತಾಲ್ಲೂಕು ಕಚೇರಿಯ ಮುಂದೆ ಶವವಿಟ್ಟು ಕೂರುವ ದಲಿತ ಕುಟುಂಬಗಳನ್ನು ಕರ್ನಾಟಕ ಮತ್ತೆ ಮತ್ತೆ ಕಂಡಿದೆ. ಅದು ಅವರ ಮನೆ, ಅವರ ಬೆಂಕಿ, ಅವರ ಗಳ. 1955ರಲ್ಲಿ ಕೊಲೆಯಾದ ಕಪ್ಪು ಬಾಲಕ ಎಮೆಟ್ ಟಿಲ್‌ನ ತಾಯಿ ಶಿಕಾಗೊದಲ್ಲಿ ಮಗನ ಶವಪೆಟ್ಟಿಗೆಯನ್ನು ತೆರೆದಿಟ್ಟು ಜಗತ್ತೇ ನೋಡಲಿ ಎಂದದ್ದೂ ಹಾಗೆಯೇ. ಖಾಸಗಿತನ ಕುಟುಂಬದ ಹಕ್ಕಾದ ಮೇಲೆ ಅದನ್ನು ಬಿಟ್ಟುಕೊಡುವ ಹಕ್ಕೂ ಕುಟುಂಬದ್ದೇ. ನಮ್ಮಲ್ಲಿ ಅಂತ್ಯಕ್ರಿಯೆಗೆ ನೆರೆದವರಿಗೆ ಅಡ್ಡಿಪಡಿಸುವುದು 1860ರ ದಂಡಸಂಹಿತೆಯ 297ನೇ ಕಲಮಿನಿಂದಲೇ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮು. ಅದು ನೋಯಿಸುವ ಉದ್ದೇಶವನ್ನೋ ಅರಿವನ್ನೋ ಕೇಳುತ್ತದೆ, ದೂರ ಮತ್ತು ಹೊತ್ತಿನ ಲೆಕ್ಕ ಹೇಳುವುದಿಲ್ಲ. ಹೀಗಾಗಿ ತೀರ್ಮಾನ ಸ್ಥಳದಲ್ಲಿರುವ ಪೊಲೀಸರ ಕೈಗೆ ಬೀಳುತ್ತದೆ. ಅದು ನನಗೆ ನೆಮ್ಮದಿ ತರುವ ವ್ಯವಸ್ಥೆಯಲ್ಲ.

ಮೇರಿಲ್ಯಾಂಡಿನ ಆ ತಂದೆಗೆ ಮಾತ್ರ 300 ಅಡಿಯ ನಿಯಮದಿಂದಲೂ ಏನೂ ಸಿಗುತ್ತಿರಲಿಲ್ಲ, ಏಕೆಂದರೆ ಫಲಕ ಹಿಡಿದವರು ನಿಂತದ್ದು 1,000 ಅಡಿ ಆಚೆ. ಅಂತ್ಯಕ್ರಿಯೆಗೆ ಹೋಗುವಾಗ ತಂದೆಗೆ ಕಂಡದ್ದು ಫಲಕಗಳ ಮೇಲ್ತುದಿ ಅಷ್ಟೇ. ಅದರಲ್ಲಿ ಏನು ಬರೆದಿತ್ತೆಂದು ತಿಳಿದದ್ದು ಆ ರಾತ್ರಿ ಟಿ.ವಿ. ವಾರ್ತೆ ನೋಡುವಾಗ. ಕಾನೂನು ಕಾಯ್ದ ದೂರವನ್ನು ಕ್ಯಾಮೆರಾ ದಾಟಿಸಿತು. ಸಾವಿನ ಮನೆಯವರ ಮುಖಕ್ಕೆ ಮೈಕು ಹಿಡಿದು ಈಗ ನಿಮಗೆ ಏನನ್ನಿಸುತ್ತಿದೆ ಎಂದು ಕೇಳುವ ನಮ್ಮ ವಾಹಿನಿಗಳು ಫಲಕ ಹಿಡಿಯುವುದಿಲ್ಲ, ನಿಜ. ಆದರೆ ಅವು ಆರಿಸಿಕೊಳ್ಳುವುದೂ ಅದೇ ಹೊತ್ತನ್ನು, ಅದೇ ಜಾಗವನ್ನು. ಖಾಸಗಿ ದುಃಖದ ಕ್ಷಣಗಳಲ್ಲಿ ಛಾಯಾಚಿತ್ರಕ್ಕಾಗಿ ನುಗ್ಗಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆಯ ನಿಯಮಗಳಲ್ಲಿದೆ. ಆ ಮಂಡಳಿಯ ವ್ಯಾಪ್ತಿಗೆ ಟಿ.ವಿ. ಬರುವುದಿಲ್ಲ. ಕನ್ನಡದ ಸುದ್ದಿವಾಹಿನಿಗಳ ಸಂಪಾದಕರು ಯಾವ ಕಾನೂನಿಗೂ ಕಾಯದೆ ಆ ಒಂದು ನಿಯಮವನ್ನು ತಮ್ಮದಾಗಿಸಿಕೊಳ್ಳಲಿ. ಅಂತ್ಯಕ್ರಿಯೆ ಮುಗಿಯುವವರೆಗೆ, ಮನೆಯವರು ಕರೆಯದ ಹೊರತು, ಕ್ಯಾಮೆರಾ ಬೀದಿಯ ತುದಿಯಲ್ಲೇ ನಿಲ್ಲಲಿ.