ಬರೆದುದನ್ನು ಅಳಿಸಬಹುದೆ?

ಗ್ರಂಥಕರ್ತನು ತಾನು ಹಿಂದೆ ಬರೆದು ಅಚ್ಚಾದ ಮಾತೊಂದು ತಪ್ಪೆಂದು ಮುಂದೆ ಅರಿತನಾದರೆ ಅದನ್ನು ಅಳಿಸಿಬಿಡಬಹುದೆ, ಇಲ್ಲವೆ ಉಳಿಸಿಕೊಂಡೇ ತಪ್ಪನ್ನು ಒಪ್ಪಿಕೊಳ್ಳಬೇಕೆ? ಈ ಪ್ರಶ್ನೆ ನನಗೆ ಬರಿಯ ತರ್ಕವಿನೋದವಾಗಿ ಬಂದುದಲ್ಲ. 1988ರಲ್ಲಿ ನಾನು ಬರೆದ ಲೇಖನವೊಂದನ್ನು ಬೇರೆ ಕೆಲವು ಲೇಖನಗಳೊಡನೆ ಪುಸ್ತಕರೂಪದಲ್ಲಿ ತರಲು ಮಿತ್ರರು ಹೊರಟಿದ್ದಾರೆ. ಕರಡಚ್ಚು ನನ್ನ ಮೇಜಿನ ಮೇಲಿದೆ. ಹೆಣ್ಣುಮಕ್ಕಳಿಗೆ ಸಂಸ್ಕೃತದಲ್ಲಿ ಕಾವ್ಯಪಾಠವೇ ಸಾಕು, ವ್ಯಾಕರಣಶಾಸ್ತ್ರದ ಕ್ಲೇಶ ಬೇಡವೆಂದು ಅದರಲ್ಲಿ ಒಂದು ಖಂಡಿಕೆಯಿದೆ. ಆಗ ನನಗೆ ಮೂವತ್ತು ವರ್ಷ ತುಂಬಿರಲಿಲ್ಲ. ಬರೆದಿರುವುದು ಮಾತ್ರ ಎಂಬತ್ತರ ವೃದ್ಧನ ಗತ್ತಿನಲ್ಲಿ. ಆ ಖಂಡಿಕೆಯನ್ನು ಸದ್ದಿಲ್ಲದೆ ಹೊಡೆದುಹಾಕಬೇಕೆಂದು ಕೆಂಪು ಮಸಿಯ ಲೇಖನಿಯನ್ನು ಕೈಗೆತ್ತಿಕೊಂಡೆನು. ಅಷ್ಟು ವರ್ಷ ಪರರ ತಪ್ಪುಗಳ ಮೇಲೆ ಧಾರಾಳವಾಗಿ ಸುರಿದ ಮಸಿ ಅದು.

ಕೈಯನ್ನು ತಡೆದುದು ಅಮೆರಿಕದ ಒಬ್ಬ ಕಥೆಗಾರ್ತಿಯ ನೆನಪು. ಉರ್ಸುಲ ಲೆ ಗ್ವಿನ್ ಎಂಬುದು ಅವರ ಹೆಸರು. ಇಲ್ಲದ ಲೋಕಗಳನ್ನು ಕಟ್ಟಿ ಕಥೆ ಹೇಳುವವರಲ್ಲಿ ಅಗ್ರಗಣ್ಯರೆನಿಸಿದವರು. ನನ್ನ ಮಗಳು ತಂದುಕೊಟ್ಟ ಪುಸ್ತಕಗಳಿಂದ ನನಗೆ ಅವರ ಪರಿಚಯವಾಯಿತು. ಮೊದಮೊದಲು ಮಕ್ಕಳ ಕಥೆಯೆಂದು ತಾತ್ಸಾರ ಮಾಡಿದ್ದೆನೆಂಬುದನ್ನೂ ಹೇಳಿಬಿಡುವೆನು.

ಇವರು 1929ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಹುಟ್ಟಿ, ಬಾಳಿನ ಬಹುಭಾಗವನ್ನು ಆರೆಗನ್ ಪ್ರಾಂತದ ಪೋರ್ಟ್‌ಲೆಂಡಿನಲ್ಲಿ ಕಳೆದು, 2018ರಲ್ಲಿ ತೀರಿಕೊಂಡರು. ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು. ಅಲ್ಲಿಯ ಮೂಲನಿವಾಸಿಗಳ ಭಾಷೆ, ಕಥೆ, ಆಚಾರಗಳನ್ನು ಬರೆದಿಟ್ಟವರು. ತಾಯಿ ಥಿಯೊಡೋರ, ಯಾಹಿ ಎಂಬ ಜನಾಂಗದಲ್ಲಿ ಕೊನೆಗೊಬ್ಬನೇ ಉಳಿದಿದ್ದ ಇಷಿ ಎಂಬಾತನ ಚರಿತ್ರೆಯನ್ನು 1961ರಲ್ಲಿ ಪ್ರಕಟಿಸಿದವರು. ನಮ್ಮ ನಡೆಯೇ ಲೋಕದ ನಡೆಯಲ್ಲವೆಂಬುದು ಇಂಥ ಮನೆಯಲ್ಲಿ ಬೆಳೆದವರಿಗೆ ಎಳವೆಯಲ್ಲಿಯೇ ತಿಳಿದಿರಬೇಕು. ಚೀನದ ಲಾವೋತ್ಸೆಯ ಗ್ರಂಥವೂ ಬಾಲ್ಯದಲ್ಲಿಯೇ ಇವರ ಕೈಸೇರಿತು. 1997ರಲ್ಲಿ ಅದಕ್ಕೆ ತಮ್ಮದೇ ಆದ ಇಂಗ್ಲಿಷ್ ರೂಪವನ್ನು ಕೊಟ್ಟರು. ಹನ್ನೊಂದನೆಯ ವಯಸ್ಸಿನಲ್ಲಿ ಪತ್ರಿಕೆಗೆ ಕಳುಹಿಸಿದ ಕಥೆ ಹಿಂದಿರುಗಿ ಬಂದಿತಂತೆ. ಮೂವರು ಮಕ್ಕಳು ಚಿಕ್ಕವರಾಗಿದ್ದಾಗ, ಅವರನ್ನು ಮಲಗಿಸಿದ ಮೇಲೆ ರಾತ್ರಿ ಕುಳಿತು ಬರೆಯುತ್ತಿದ್ದರು.

1969ರಲ್ಲಿ ಬಂದ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಎಂಬ ಕಾದಂಬರಿಯಲ್ಲಿ ಗೆಥೆನ್ ಎಂಬ ಹಿಮಲೋಕವಿದೆ. ಅಲ್ಲಿಯ ಜನರಿಗೆ ಗಂಡು ಹೆಣ್ಣೆಂಬ ನಿತ್ಯಭೇದವಿಲ್ಲ. ತಿಂಗಳಿನಲ್ಲಿ ಕೆಲವು ದಿನ ಮಾತ್ರ ಒಬ್ಬೊಬ್ಬರು ಗಂಡಾಗಿಯೋ ಹೆಣ್ಣಾಗಿಯೋ ಮಾರ್ಪಡುವರು. ಒಂದು ಮಗುವಿಗೆ ತಾಯಿಯಾದವರು ಇನ್ನೊಂದಕ್ಕೆ ತಂದೆಯಾಗಬಹುದು. ಕಲ್ಪನೆ ಇಷ್ಟು ದೂರ ಹೋದರೂ ಲೇಖನಿ ಮಾತ್ರ ಅವರೆಲ್ಲರನ್ನೂ ‘ಅವನು’ ಎಂದೇ ಕರೆಯಿತು. (ಕನ್ನಡದಲ್ಲಿ ಬರೆದಿದ್ದರೆ ‘ಅವರು’ ಎಂದು ಮರ್ಯಾದೆಯಿಂದ ಪಾರಾಗಬಹುದಾಗಿತ್ತು, ನಾನೂ ಈಗ ಅದನ್ನೇ ಮಾಡುತ್ತಿರುವೆನಷ್ಟೆ.) ಓದಿದ ಹೆಂಗಸರು ಕೆಲವರು ಆಕ್ಷೇಪಿಸಿದರು. 1976ರಲ್ಲಿ ಇವರು ಒಂದು ಪ್ರಬಂಧ ಬರೆದು, ಇಂಗ್ಲಿಷಿನಲ್ಲಿ ಆ ಸರ್ವನಾಮವು ಎಲ್ಲರಿಗೂ ಸಲ್ಲುವುದೆಂದೂ, ಹೊಸದೊಂದನ್ನು ಹುಟ್ಟಿಸಿ ಭಾಷೆಯನ್ನು ಕೆಡಿಸಲೊಲ್ಲೆನೆಂದೂ ವಾದಿಸಿದರು.

ಸುಮಾರು ಹತ್ತು ವರ್ಷಗಳಲ್ಲಿ ಅವರ ಮನಸ್ಸು ತಿರುಗಿತು. ಆಗ ಆ ಪ್ರಬಂಧವನ್ನು ಮರೆಮಾಡಿದರೆ? ಇಲ್ಲ. ತಿದ್ದಿ ಹೊಸದೆಂಬಂತೆ ಅಚ್ಚುಹಾಕಿಸಿದರೆ? ಅದೂ ಇಲ್ಲ. ಹಳೆಯ ಪಾಠವನ್ನು ಹಾಗೆಯೇ ಉಳಿಸಿ, ಅದರ ಜೊತೆಜೊತೆಗೆ, ಇಲ್ಲಿ ನಾನು ತಪ್ಪಿದೆ, ಇಲ್ಲಿ ಹಟದಿಂದ ವಾದಿಸಿದೆ ಎಂಬ ಅರ್ಥದ ಟಿಪ್ಪಣಿಗಳನ್ನು ಸೇರಿಸಿ, 1989ರ ಪ್ರಬಂಧಸಂಕಲನದಲ್ಲಿ ಎರಡನ್ನೂ ಒಟ್ಟಿಗೆ ಪ್ರಕಟಿಸಿದರು.

ಪಾಠಶಾಲೆಯಲ್ಲಿ ಓದಿದವರಿಗೆ ಇದು ಕೂಡಲೇ ವಾರ್ತಿಕವನ್ನು ನೆನಪಿಗೆ ತರುವುದು. ಸೂತ್ರಕಾರನು ಹೇಳಿದುದು, ಹೇಳದೆ ಬಿಟ್ಟುದು, ಸರಿಯಾಗಿ ಹೇಳದೆ ಹೋದುದು, ಈ ಮೂರನ್ನೂ ವಿಚಾರಿಸುವುದು ವಾರ್ತಿಕದ ಕೆಲಸ. ಕಾತ್ಯಾಯನನು ಪಾಣಿನಿಗೆ ಆ ಉಪಕಾರವನ್ನು ಮಾಡಿದನು. ಆದರೂ ಪಾಣಿನಿಯ ಸೂತ್ರವೊಂದನ್ನೂ ಅಳಿಸಲಿಲ್ಲ. ತನ್ನ ಸೂತ್ರಕ್ಕೆ ತಾನೇ ವಾರ್ತಿಕ ಬರೆದುಕೊಂಡುದು ಈ ತಾಯಿಯ ವಿಶೇಷ.

ಅರ್ತ್‌ಸೀ ಎಂಬ ದ್ವೀಪಲೋಕದ ಕಥೆಗಳಲ್ಲಿಯೂ ಇದೇ ನಡೆಯಿತು. 1968ರಿಂದ 1972ರೊಳಗೆ ಬಂದ ಮೂರು ಪುಸ್ತಕಗಳಲ್ಲಿ ಮಂತ್ರವಿದ್ಯೆಯ ಗುರುಕುಲವು ಗಂಡಸರಿಗೆ ಮಾತ್ರ. 1990ರಲ್ಲಿ ‘ಟೆಹಾನು’ ಬರೆದಾಗ ಅದೇ ಲೋಕವನ್ನು ಒಬ್ಬ ವಿಧವೆಯ ಮತ್ತು ಸುಟ್ಟ ಮೈಯ ಒಂದು ಮಗುವಿನ ಕಡೆಯಿಂದ ನೋಡಿದರು. ಮೊದಲ ಪುಸ್ತಕಗಳನ್ನು ಹಿಂತೆಗೆದುಕೊಳ್ಳಲಿಲ್ಲ. 2018ರಲ್ಲಿ ಎಲ್ಲವೂ ಒಂದೇ ಸಂಪುಟದಲ್ಲಿ ಹೊರಬಂದುವು.

ಆದರೆ ಇವರು ಏನನ್ನೂ ತಿದ್ದಲೇ ಇಲ್ಲವೆನ್ನುವಂತಿಲ್ಲ. ಗೆಥೆನ್ನಿನ ಒಂದು ಸಣ್ಣ ಕಥೆಯನ್ನು 1975ರ ಸಂಕಲನಕ್ಕೆ ಸೇರಿಸುವಾಗ ‘ಅವನು’ ಇದ್ದೆಡೆ ‘ಅವಳು’ ಎಂದು ಮಾರ್ಪಡಿಸಿದರು. ಹಾಗೆ ಮಾಡಿದೆನೆಂದು ಕಥೆಯ ಮೊದಲಿಗೆ ಹೇಳಿಯೂ ಹೇಳಿದರು. ಆದುದರಿಂದ ದೋಷವಿರುವುದು ತಿದ್ದುವುದರಲ್ಲಲ್ಲ, ಗುಟ್ಟಿನಲ್ಲಿ.

ಇಲ್ಲಿ ಆಕ್ಷೇಪವೊಂದುಂಟು. ಕರಿಹಲಗೆಯ ಮೇಲೆ ತಪ್ಪು ಲೆಕ್ಕವಿದ್ದರೆ ಉಪಾಧ್ಯಾಯನು ಒರಸುವನಲ್ಲದೆ ಪಕ್ಕದಲ್ಲಿ ಟಿಪ್ಪಣಿ ಬರೆಯುವನೆ? ಹೊಸದಾಗಿ ಓದುವವರು ತಪ್ಪನ್ನೇ ಕಲಿತರೆ? ನಾನೂ ಎರಡು ದಿನ ಹೀಗೆಯೇ ಸಮಾಧಾನ ಹೇಳಿಕೊಂಡೆನು. ಆದರೆ ನನ್ನ ತಪ್ಪು ಹಲಗೆಯ ಮೇಲೆಯೇ ನಿಂತಿರಲಿಲ್ಲ. ಲೇಖನ ಅಚ್ಚಾದ ಮರುವರ್ಷ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಲಘುಕೌಮುದಿಯನ್ನು ಎದೆಗವಚಿಕೊಂಡು ಬಂದು, ಸಂಜೆಯ ಹೊತ್ತು ಪಾಠ ಹೇಳಿಕೊಡುವಿರಾ ಮೇಷ್ಟ್ರೇ ಎಂದು ಕೇಳಿದಳು. ನಿನಗೆ ರಘುವಂಶ ಸಾಕಮ್ಮ ಎಂದೆನು. ಬೇಕಾದರೆ ನನ್ನ ಲೇಖನವನ್ನು ಓದೆಂದೂ ಸೇರಿಸಿದೆನು. ಅವಳು ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೊರಟುಹೋದಳು. ಈಗ ಆ ಖಂಡಿಕೆಯನ್ನು ನಾನು ಅಳಿಸಿದೆನಾದರೆ, ಅವಳಿಗಾದ ಅನ್ಯಾಯಕ್ಕೆ ಕಾಗದದ ಮೇಲೆ ಇದ್ದ ಒಂದೇ ಸಾಕ್ಷಿಯನ್ನು ಅಪರಾಧಿಯೇ ಸುಟ್ಟಂತಾಗುವುದು.

ಖಂಡಿಕೆಯನ್ನು ಉಳಿಸಿ ಅದರ ಕೆಳಗೆ ಐದು ಸಾಲಿನ ಟಿಪ್ಪಣಿ ಬರೆದಿದ್ದೇನೆ. ಅದರಲ್ಲಿ ಮೊದಲು, ಆ ಕಾಲವೇ ಹಾಗಿತ್ತೆಂದು ಒಂದು ವಾಕ್ಯವಿತ್ತು. ಆ ಹುಡುಗಿಯೂ ಅದೇ ಕಾಲದವಳು. ಆ ವಾಕ್ಯವನ್ನು ಕೆಂಪು ಮಸಿಯಿಂದ ಹೊಡೆದುಹಾಕಿದೆನು. ಕರಡಚ್ಚು ನಾಳೆಯ ಟಪಾಲಿಗೆ ಹೋಗುವುದು.