ಶಿವಾಜಿ ಪಾರ್ಕಿನಲ್ಲಿ ಡಿಸೆಂಬರ್ 6

ಮುಂಬಯಿಯ ದಾದರ್‌ನಲ್ಲಿರುವ ಶಿವಾಜಿ ಪಾರ್ಕ್ ಸುಮಾರು 28 ಎಕರೆಯ ಸಾರ್ವಜನಿಕ ಮೈದಾನ. ನಗರಪಾಲಿಕೆ 1925ರಲ್ಲಿ ಅದನ್ನು ಜನರಿಗೆ ತೆರೆದಾಗ ಹೆಸರು ಮಾಹಿಮ್ ಪಾರ್ಕ್. ಶಿವಾಜಿ ಪಾರ್ಕ್ ಎಂಬ ಹೆಸರು ಬಂದದ್ದು 1927ರಲ್ಲಿ. ಉಳಿದ ದಿನಗಳಲ್ಲಿ ಇಲ್ಲಿ ಕ್ರಿಕೆಟ್ಟು, ವಾಕಿಂಗು, ಆಗಾಗ ರಾಜಕೀಯ ಸಭೆ. ಡಿಸೆಂಬರ್ 6ರ ಆಸುಪಾಸಿನಲ್ಲಿ ಮಾತ್ರ ಲಕ್ಷಾಂತರ ಜನ ಬಂದು ಇಳಿಯುತ್ತಾರೆ. 1956ರ ಆ ದಿನ ದೆಹಲಿಯಲ್ಲಿ ತೀರಿಕೊಂಡ ಬಿ.ಆರ್. ಅಂಬೇಡ್ಕರ್ ಅವರ ಅಂತ್ಯಕ್ರಿಯೆ ಮರುದಿನ ನಡೆದದ್ದು ಪಾರ್ಕಿಗೆ ಹತ್ತಿರದ ಕಡಲತೀರದಲ್ಲಿ. ಅಲ್ಲಿ ಎದ್ದ ಸ್ತೂಪವೇ ಚೈತ್ಯಭೂಮಿ. ವಿದರ್ಭ, ಮರಾಠವಾಡದವರ ಜೊತೆಗೆ ಕಲಬುರಗಿ, ಬೀದರ್ ಕಡೆಯವರೂ ರೈಲು ಹತ್ತಿ ಬರುತ್ತಾರೆ.

ತೊಡಕಿರುವುದು ಇಲ್ಲಿಯೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದ ಅಂಬೇಡ್ಕರ್, ಅನುಯಾಯಿಗಳಿಂದ 22 ಪ್ರತಿಜ್ಞೆ ಮಾಡಿಸಿದರು. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಅದರಲ್ಲಿತ್ತು. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು 1949ರಲ್ಲಿ ಸಂವಿಧಾನ ಸಭೆಯನ್ನು ಎಚ್ಚರಿಸಿದವರೂ ಅವರೇ. ಹಾಗಿರುವಾಗ ಅವರು ತೀರಿಕೊಂಡ ದಿನವೇ, ಅವರ ಅಸ್ಥಿಯಿರುವ ಸ್ತೂಪದ ಮುಂದೆ ಗಂಟೆಗಟ್ಟಲೆ ಸಾಲುಗಟ್ಟಿ ಕೈಮುಗಿಯುವುದನ್ನು ಏನೆನ್ನಬೇಕು? ಮುಂಬಾಗಿಲಿನಿಂದ ಕಳಿಸಿದ ತೀರ್ಥಯಾತ್ರೆ ಹಿತ್ತಲಿನಿಂದ ಒಳಗೆ ಬಂತೇ?

ಸ್ತೂಪವಂದನೆ ಬೌದ್ಧರಲ್ಲಿ ಹಳೆಯ ರೂಢಿ. ಸಾಂಚಿಯಿಂದ ನಮ್ಮ ಸನ್ನತಿಯವರೆಗೆ ಅದರ ಗುರುತುಗಳಿವೆ. ಇದು ಅರ್ಧ ಉತ್ತರ. ಉಳಿದರ್ಧ ಸ್ತೂಪದ ಬಳಿ ಸಿಗುವುದಿಲ್ಲ, ಪಾರ್ಕಿನಲ್ಲಿ ಸಿಗುತ್ತದೆ. ಅಲ್ಲಿ ಸಾಲುಸಾಲು ಪುಸ್ತಕದ ಮಳಿಗೆಗಳು: ಅಂಬೇಡ್ಕರ್, ಫುಲೆ, ಬುದ್ಧ, ಸಂವಿಧಾನ. ಪಕ್ಕದಲ್ಲಿ ಭೀಮಗೀತೆಗಳ ಹಾಡುಗಾರರು, ಉಚಿತ ಊಟ ಹಾಕುವ ಸಂಘಗಳು. ಬೇರೆ ಕ್ಷೇತ್ರಗಳಿಂದ ಪ್ರಸಾದ ಕಟ್ಟಿಕೊಂಡು ಮರಳುವಂತೆ ಇಲ್ಲಿಂದ ಜನ ಪುಸ್ತಕ ಹೊತ್ತು ಮರಳುತ್ತಾರೆ. ದಾದರ್‌ನಲ್ಲಿ ಪುಸ್ತಕಗಳಿಗೆಂದೇ ಮನೆ ಕಟ್ಟಿಸಿದ ಮನುಷ್ಯನಿಗೆ ಇದಕ್ಕಿಂತ ಒಪ್ಪುವ ಪೂಜೆ ಇರಲಾರದು.

ಅವರು ತೀರಿಕೊಂಡ ಮೇಲೆ, 1957ರಲ್ಲಿ ಪ್ರಕಟವಾದ ಅವರ ಬುದ್ಧಗ್ರಂಥ ಧರ್ಮಕ್ಕೂ ಧಮ್ಮಕ್ಕೂ ಗೆರೆ ಎಳೆಯುತ್ತದೆ. ಧರ್ಮ ಒಬ್ಬೊಬ್ಬರ ಸ್ವಂತದ್ದು. ಧಮ್ಮ ಸಮಾಜದ್ದು, ಇಬ್ಬರು ಕೂಡಿ ಬಾಳುವಲ್ಲಿ ಮಾತ್ರ ಅದಕ್ಕೆ ಕೆಲಸ. ಈ ಮಾತನ್ನು ಒಪ್ಪಿದರೆ ಧಮ್ಮಕ್ಕೆ ಗರ್ಭಗುಡಿಗಿಂತ ಎಲ್ಲರೂ ಕಾಲಿಡಬಹುದಾದ ಬಯಲೇ ಹೆಚ್ಚು ಬೇಕು. ಆ ಬಯಲು ಸುಮ್ಮನೆ ದಕ್ಕಿದ್ದಲ್ಲ. ಮಹಾಡ್‌ನ ಚವದಾರ್ ಕೆರೆಯನ್ನು ಅಲ್ಲಿನ ಪುರಸಭೆ ಕಾಗದದ ಮೇಲೆ ಎಲ್ಲರಿಗೂ ತೆರೆದಿತ್ತು. ದಲಿತರು ನಿಜಕ್ಕೂ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು, ಅಂಬೇಡ್ಕರ್ ಜೊತೆ ನಡೆದುಹೋಗಿ. ಆಮೇಲೆ ಸವರ್ಣೀಯರು ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ಬಾಂಬೆ ಹೈಕೋರ್ಟಿನಲ್ಲಿ ದಲಿತರ ಹಕ್ಕು ಗೆದ್ದಾಗ 1937. ಮಾಹಿಮ್ ಪಾರ್ಕ್ ಶಿವಾಜಿ ಪಾರ್ಕ್ ಆದದ್ದೂ ಆ 1927ರಲ್ಲೇ ಎಂಬುದು ಬರೀ ಕಾಕತಾಳೀಯ.

ಡಿಸೆಂಬರಿನ ಗದ್ದಲ, ಕಸದ ಬಗ್ಗೆ ನಗರದಲ್ಲಿ ಗೊಣಗುವವರಿದ್ದಾರೆ. ಮಂಟಪ, ಕುಡಿಯುವ ನೀರು, ಶೌಚಾಲಯಗಳ ಏರ್ಪಾಡು ಪಾಲಿಕೆಯದೇ. ಬಂದವರು ಯಾರ ಅತಿಥಿಗಳೂ ಅಲ್ಲ, ಮೈದಾನದಲ್ಲಿ ಪಾಲುಳ್ಳವರು.